ನಾಲ್ಕು ಹೊಸ ನಾಟಕ, ಐದು ನೂರು ರೂಪಾಯಿ ಪಾಸು: ತಗೊಳ್ಳಬಹುದಾ?

ಸುಲ್ತಾನ ಗಾದಿಯ ಮೇಲೆ ಕೂತು, "ನನ್ ಕೈಲೆ ಆಗಂಗಿಲ್ರೆಪ್ಪಾ, ಇದನ್ನ ಯಾರಿಗರೆ ಕೊಡ್ರಿ" ಅಂದ. ಹಾಲ್ ಪೂರ್ತಿ ನಕ್ಕಿತು. ನಾನೂ ನಕ್ಕೆ. ಆಮೇಲೆ ಅವನು ಸುಮ್ನೆ ನಮ್ಮನ್ನೇ ನೋಡುತ್ತಾ ನಿಂತ, ಮುಖದಲ್ಲಿ ನಗು ಇಲ್ಲ, ಕೈ ನಡುಗುತ್ತಿದೆ. ಆಗ ಗೊತ್ತಾಯಿತು, ಅದು ಕಾಮಿಡಿ ಸೀನೇ ಅಲ್ಲ. ನಮ್ಮ ಕಡೆಯ ಮಾತು ಸ್ಟೇಜಿನ ಮೇಲೆ ಕೇಳಿದರೆ ನಗಬೇಕು ಅಂತ ನಮಗೆ ನಾವೇ ರೂಢಿ ಮಾಡಿಕೊಂಡಿದ್ದೇವೆ.

ವಿಷಯ ಏನಂದರೆ, ಕಲಬುರಗಿಯ ಒಂದು ಹವ್ಯಾಸಿ ತಂಡ (ಹೆಸರು ಬೇಡ, ಮುಂದೆ ಸ್ವಲ್ಪ ಬೈಯುವುದಿದೆ) ದೀಪಾವಳಿ ಆದ ಮೇಲೆ ತಿಂಗಳಿಗೊಂದರಂತೆ ನಾಲ್ಕು ಹೊಸ ನಾಟಕ ಆಡುತ್ತದೆ. ನಾಲ್ಕಕ್ಕೂ ಸೇರಿ ಪಾಸು 500 ರೂಪಾಯಿ, ಒಂದಕ್ಕೆ ಆದರೆ 150. ಹೋದ ಭಾನುವಾರ ಪಾಸ್ ಮಾರುವುದಕ್ಕೆ ಅಂತಲೇ ಪ್ರತಿ ನಾಟಕದ ಇಪ್ಪತ್ತು ನಿಮಿಷದ ತುಣುಕು ತೋರಿಸಿದರು. ಅವ್ವನನ್ನೂ ಕರೆದುಕೊಂಡು ಹೋಗಿದ್ದೆ.

ಈ ಸುಲ್ತಾನನ ನಾಟಕ ಮೊದಲನೆಯದು. ತುಘಲಕ್ ಅಂದ ಕೂಡಲೇ ಎಲ್ಲರಿಗೂ ಕಾರ್ನಾಡರ 1964ರ ನಾಟಕ ನೆನಪಾಗುತ್ತದೆ, ದೆಹಲಿಯಿಂದ ದೌಲತಾಬಾದ್‌ಗೆ ರಾಜಧಾನಿ ಹೊತ್ತುಕೊಂಡು ಹೋದ ಕಥೆ. ಇವರು ಅದರ ಆಚೆಯ ಕಥೆ ಹಿಡಿದಿದ್ದಾರೆ. ದೌಲತಾಬಾದಿನ ಅಮೀರರು ತುಘಲಕನ ಮೇಲೆ ದಂಗೆ ಎದ್ದು ಇಸ್ಮಾಯಿಲ್ ಮುಖ್ ಎಂಬ ಹಿರಿಯನನ್ನು ಸುಲ್ತಾನ ಮಾಡಿದರು. ಆತ ಜಾಸ್ತಿ ದಿನ ಕೂರಲಿಲ್ಲ. 1347ರಲ್ಲಿ ಗಾದಿಯನ್ನು ಹಸನ್‌ಗೆ ಬಿಟ್ಟುಕೊಟ್ಟ. ಆ ಹಸನ್ನೇ ಬಹಮನಿಗಳ ಮೊದಲ ಸುಲ್ತಾನ, ರಾಜಧಾನಿ ನಮ್ಮ ಕಲಬುರಗಿ. ಶಾಲೆಯಲ್ಲಿ ಹಸನ್ ಹೆಸರು ಬಾಯಿಪಾಠ ಮಾಡಿದ್ದೆವು, ಗಾದಿ ಬಿಟ್ಟ ಮುದುಕನ ಹೆಸರು ಯಾರೂ ಹೇಳಿರಲಿಲ್ಲ. ನಾಟಕ ಪೂರ್ತಿ ಆ ಮುದುಕನದ್ದೇ. ಮುದುಕನ ಪಾತ್ರ ಮಾಡಿದವರು ಅದ್ಭುತ. ಹಸನ್ ಪಾತ್ರದ ಹುಡುಗ ಮಾತ್ರ "ಮಾಡಾಕತ್ತೀನಿ, ಹೋಗಾಕತ್ತೀನಿ" ಅಂತ ಧಾರವಾಡದ ಕಡೆ ಮಾತಾಡುತ್ತಿದ್ದ. ನಮ್ಮದು "ಮಾಡ್ಲತ್ತೀನಿ" ಅಲ್ವಾ? ಇದನ್ನು ಯಾರಾದರೂ ತಿದ್ದಬೇಕು. ಉತ್ತರ ಕರ್ನಾಟಕ ಅಂದರೆ ಎಲ್ಲಾ ಒಂದೇ ಮಾತು ಅಂತ ಬೆಂಗಳೂರಿನವರು ಅಂದುಕೊಂಡರೆ ಬೇರೆ, ನಾವೇ ಹಾಗೆ ಮಾಡಿದರೆ ಹೇಗೆ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಎರಡನೆಯದು. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆಗೆ ಕಂಪನಿ ನಾಟಕಗಳು ಬಂದು ಟೆಂಟ್ ಹಾಕುತ್ತವಲ್ಲ, ಅಂಥ ಒಂದು ಕಂಪನಿಯ ನಟಿಯ ಕಥೆ. ಮಜಾ ಏನಂದರೆ, ಅರಮನೆ ಬರೆದ ದೊಡ್ಡ ಪರದೆಯನ್ನು ಉಲ್ಟಾ ಕಟ್ಟಿದ್ದಾರೆ. ನಮಗೆ ಕಾಣುವುದು ಬರೀ ಅದರ ಬೆನ್ನು, ತೇಪೆ, ಹಗ್ಗ, ಬಣ್ಣ ಸೋರಿದ ಕಲೆ. ಆ ಕಡೆ ಪೇಟಿ ಬಾರಿಸುತ್ತಾರೆ, ಜನ ಸೀಟಿ ಹೊಡೆಯುತ್ತಾರೆ, ಒನ್ಸ್ ಮೋರ್ ಅಂತ ಕೂಗುತ್ತಾರೆ, ಈ ಕಡೆ ಅವಳು ಮಗುವಿಗೆ ಅನ್ನ ಕಲಸಿ ಎರಡು ತುತ್ತು ತಿನ್ನಿಸಿ, ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಆ ಕಡೆ ಓಡಿಹೋಗಿ ಅದೇ ಡಬಲ್ ಮೀನಿಂಗ್ ಡೈಲಾಗು ಮತ್ತೊಮ್ಮೆ ಹೇಳಿ ಬರುತ್ತಾಳೆ. ಸೀಟಿ ಹೊಡೆಯುವವರು ನಾವೇ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇದೊಂದಕ್ಕೇ 500 ಕೊಡಬಹುದು.

ಮೂರನೆಯದನ್ನು ಕೊನೆಗೆ ಹೇಳುತ್ತೇನೆ. ನಾಲ್ಕನೆಯದು ನನಗೆ ಹಿಡಿಸಲಿಲ್ಲ. ಆಸ್ಪತ್ರೆ ವಾರ್ಡಿನಲ್ಲಿ ಅಕ್ಕಪಕ್ಕದ ಮಂಚದ ಇಬ್ಬರು, ಒಬ್ಬರು ಮಾತಾಡುವುದು ಕನ್ನಡ, ಇನ್ನೊಬ್ಬರು ದಖನಿ, ಅಂದರೆ ನಮ್ಮ ಕಡೆಯ ಉರ್ದು. ಐಡಿಯಾ ಚೆನ್ನಾಗಿದೆ. ಆದರೆ ಇಪ್ಪತ್ತು ನಿಮಿಷದಲ್ಲಿ ಮೂರು ಸಲ "ನಾವೆಲ್ಲಾ ಒಂದೇ" ಅಂತ ಭಾಷಣ, ಒಂದು ಸಲ ಬಂದೇ ನವಾಜ್ ದರ್ಗಾ, ಒಂದು ಸಲ ಶರಣಬಸಪ್ಪನ ಗುಡಿ. ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನುವ ಬಜಾರಿನಲ್ಲಿ ಅರ್ಧ ಗಂಟೆ ನಿಂತು ನೋಡಿ, ಒಂದೇ ವಾಕ್ಯದಲ್ಲಿ ಎರಡೂ ಭಾಷೆ ಹಾಕಿ ಜಗಳ ಆಡುತ್ತಾರೆ, ಚೌಕಾಸಿ ಮಾಡುತ್ತಾರೆ, ಯಾರೂ ಭಾಷಣ ಮಾಡುವುದಿಲ್ಲ. ಆ ಜಗಳವನ್ನೇ ತಂದಿದ್ದರೆ ಸಾಕಿತ್ತು.

ಈಗ ಬೈಗುಳ. ಆರೂವರೆಗೆ ಅಂದವರು ಶುರು ಮಾಡಿದ್ದು ಏಳೂ ಇಪ್ಪತ್ತಕ್ಕೆ. ಅತಿಥಿಗಳು ಬರಬೇಕು, ದೀಪ ಹಚ್ಚಬೇಕು, ಶಾಲು ಹಾಕಬೇಕು. ಬಾಡಿಗೆಗೆ ಹಿಡಿದ ಹಾಲಿನ ಫ್ಯಾನ್‌ಗಳ ಗರ್ರ್ ಸದ್ದಿನಲ್ಲಿ ಮುದುಕ ಸುಲ್ತಾನ ಪಿಸುಗುಟ್ಟಿದ್ದು ಹಿಂದಿನ ಸಾಲಿಗೆ ಒಂದಕ್ಷರ ಕೇಳಲಿಲ್ಲ. ಫೋನಿನಲ್ಲಿ ದುಡ್ಡು ಹಾಕಿದ್ದೆ, ಬಾಗಿಲಲ್ಲಿ ಕೇಳಿದರೆ ಲಿಸ್ಟಿನಲ್ಲಿ ಹೆಸರಿಲ್ಲ ಅಂದರು. ಮೆಸೇಜ್ ತೋರಿಸಿದ ಮೇಲೆ ಬಿಟ್ಟರು, ಆದರೆ ತಪ್ಪಾಯಿತು ಅಂತ ಒಂದು ಮಾತೂ ಹೇಳಲಿಲ್ಲ. ಮುಗಿದಾಗ ಹತ್ತರ ಹತ್ತಿರ. ಆಳಂದ, ಜೇವರ್ಗಿ ಕಡೆಯವರು ಬಸ್ ಚಿಂತೆಯಲ್ಲಿ ಮಧ್ಯದಲ್ಲೇ ಎದ್ದು ಹೋದರು.

ಮೈಸೂರಿನಲ್ಲಿ ಸರ್ಕಾರದ ನಾಟಕ ಸಂಸ್ಥೆ ರಂಗಾಯಣ 1989ರಲ್ಲೇ ಶುರುವಾಯಿತು, ನಮ್ಮೂರಿಗೆ ಅದು ಬರುವಷ್ಟರಲ್ಲಿ ಎಷ್ಟೋ ವರ್ಷ ಆಯಿತು. ಅಲ್ಲಿಯವರೆಗೆ ಹೊರಗಿನಿಂದ ಯಾವುದಾದರೂ ತಂಡ ಬಂದರೆ ನಾಟಕ, ಇಲ್ಲದಿದ್ದರೆ ಜಾತ್ರೆ ಬರುವವರೆಗೆ ಕಾಯುವುದು. ಹಾಗಾಗಿ ಊರಿನ ಹುಡುಗ ಹುಡುಗಿಯರು ನೌಕರಿ ಮುಗಿಸಿ ಬಂದು ರಾತ್ರಿ ತಾಲೀಮು ಮಾಡಿ ನಾಲ್ಕು ಹೊಸ ನಾಟಕ ಕಟ್ಟುತ್ತಿದ್ದಾರೆ ಅಂದರೆ ನನಗೆ ಜಾಸ್ತಿ ಬೈಯಲು ಮನಸ್ಸು ಬರುವುದಿಲ್ಲ. ಆದರೂ ಟೈಮಿಗೆ ಶುರು ಮಾಡಿ ಮಾರಾಯರೇ.

ಮೂರನೆಯದು ತೊಗರಿ ನಾಟಕ, ಒಬ್ಬಳೇ ನಟಿ, ಒಂದು ಖಾಲಿ ಗೋಣಿಚೀಲ, ಅಷ್ಟೇ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು) ಸಿಕ್ಕ ಸುದ್ದಿಯನ್ನು ರೇಡಿಯೋದಲ್ಲಿ ಕೇಳುತ್ತಾ, ಗಿಡ ಒಣಗಿಸುವ ನೆಟೆ ರೋಗಕ್ಕೆ ಹೊಲ ಹೋದವಳು ಗುಳೆ ಹೋಗಲು ಗಂಟು ಕಟ್ಟುತ್ತಾಳೆ. ಹುಡುಗಿ ಚೆನ್ನಾಗಿ ಮಾಡುತ್ತಾಳೆ. ಆದರೆ ಇದನ್ನು ಇಟ್ಟಿರುವುದು ಜನವರಿಗೆ! ತೊಗರಿ ರಾಶಿ ಮಾಡುವ ಹೊತ್ತಿನಲ್ಲಿ ಯಾವ ರೈತ ಬಂದು ತೊಗರಿ ನಾಟಕ ನೋಡುತ್ತಾನೆ? ಫೆಬ್ರವರಿಯ ಆಸ್ಪತ್ರೆ ನಾಟಕವನ್ನು ಜನವರಿಗೆ ತಂದು ಇದನ್ನು ಫೆಬ್ರವರಿಗೆ ಹಾಕಬಹುದಿತ್ತು.

ಅವ್ವ ಇದನ್ನು ನೋಡುತ್ತಾ ಸುಮ್ಮನೆ ಕೂರಲಿಲ್ಲ. ಆ ಹುಡುಗಿ ಒಂದು ಕಾಯಿ ಬಿಡಿಸಿ ಕಾಳು ನೆಲಕ್ಕೆ ಚೆಲ್ಲುತ್ತಾಳೆ, ಅಲ್ಲಿ ಅವ್ವ ನನ್ನ ತೊಡೆ ತಿವಿದಳು. ಮುಗಿದ ಮೇಲೆ ನೇರ ಸ್ಟೇಜಿನ ಹಿಂದೆ ಹೋಗಿ, "ಭಾಳ ಛಲೋ ಮಾಡ್ದಿ ತಂಗಿ. ಆದ್ರ ನೆಟೆ ಹತ್ತಿದ ಗಿಡದಾಗ ಕಾಯಿ ಇರ್ತಾವ, ಒಳಗ ಕಾಳು ತುಂಬಿರಂಗಿಲ್ಲ. ಕಾಯಿ ಬಿಡಿಸಿದ್ರ ಕೈಯಾಗ ಏನೂ ಇರಬಾರ್ದು" ಅಂದಳು. ಆ ಹುಡುಗಿ ಇನ್ನೂ ಬಣ್ಣ ತೆಗೆದಿರಲಿಲ್ಲ. ಹಾಗೇ ನಿಂತು ಫೋನಿನಲ್ಲಿ ಬರೆದುಕೊಂಡಳು. ಎರಡು ಪಾಸ್ ತಗೊಂಡಿದ್ದೇನೆ, ಈ ಸಲ ಲಿಸ್ಟಿನಲ್ಲಿ ಹೆಸರು ಬರೆದದ್ದನ್ನು ನಿಂತು ನೋಡಿ ಬಂದೆ.