ಮಳೆಗಾಲದ ಬೆಟ್ಟಕ್ಕೆ ಒಂದು ಕ್ಯಾಮೆರಾ: ಒಲಿಂಪಸ್ ಟಿಜಿ-6

ಮನೆ ಹಿಂದೆ ತೋಟ, ತೋಟ ದಾಟಿದರೆ ಸೊಪ್ಪಿನ ಬೆಟ್ಟ. ನಮ್ಮ ಉತ್ತರ ಕನ್ನಡದ ಸಿದ್ದಾಪುರ ಕಡೆ ಬೆಟ್ಟ ಅಂದರೆ ಬರೀ ಗುಡ್ಡ ಅಲ್ಲ, ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣಗಿ ಬಿದ್ದ ಎಲೆ) ತರುವ ಕಾಡು. ಬೆಳಿಗ್ಗೆ ಚಹಾ ಕುಡಿದು ಅಲ್ಲಿ ಒಂದು ಸುತ್ತು ಹೋಗಿ ಫೋಟೋ ತೆಗೆಯುವುದು ನನಗೆ ಎಷ್ಟೋ ವರ್ಷದ ಅಭ್ಯಾಸ. ಈ ಕಾಡು ನಿಜವಾಗಿ ಎದ್ದು ಕೂರುವುದು ಜೂನ್‌ನಿಂದ ಸೆಪ್ಟೆಂಬರ್ ತನಕ. ಅಣಬೆ, ಕಪ್ಪೆ, ಹಾವಸೆ ಎಲ್ಲ ಆಗಲೇ. ಆದರೆ ಸರಿಯಾಗಿ ಅದೇ ನಾಲ್ಕು ತಿಂಗಳು ನನ್ನ ಹಳೇ ದೊಡ್ಡ ಕ್ಯಾಮೆರಾ ಸಿಲಿಕಾ ಜೆಲ್ ಜೊತೆ ಡಬ್ಬದಲ್ಲಿ ಇರುತ್ತಿತ್ತು. ಹೊರಗೆ ತೆಗೆದರೆ ಒದ್ದೆ, ಒಳಗೇ ಇಟ್ಟರೆ ಬೂಷ್ಟು. ಒಂದು ಲೆನ್ಸ್ ಒಳಗಂತೂ ಬೂಷ್ಟು ಜೇಡರ ಬಲೆ ಹಾಗೆ ಹಬ್ಬಿತ್ತು. ಸ್ವಚ್ಛ ಮಾಡಲು ತೆಗೆದುಕೊಂಡ ಅಂಗಡಿಯವರು ಎರಡು ತಿಂಗಳು ಇಟ್ಟುಕೊಂಡು ಹಾಗೇ ವಾಪಸ್ ಕೊಟ್ಟರು.

ಆಮೇಲೆ ತೆಗೆದುಕೊಂಡದ್ದು ಈ ಟಿಜಿ-6. 2019ರಲ್ಲಿ ಬಂದ ಮಾಡೆಲ್. ನನ್ನ ಹತ್ತಿರ ಮೂರು ಮಳೆಗಾಲ ಕಳೆದಿದೆ.

15 ಮೀಟರ್ ನೀರಿನ ಆಳದ ತನಕ, 2.1 ಮೀಟರ್ ಎತ್ತರದಿಂದ ಬಿದ್ದರೂ ತಡೆಯುತ್ತದೆ ಅಂತ ಕಂಪನಿಯವರು ಹೇಳುತ್ತಾರೆ. ನಾನು ಅಷ್ಟು ಆಳಕ್ಕೆಲ್ಲ ಇಳಿದಿಲ್ಲ. ನನಗೆ ಬೇಕಾದದ್ದು ಇಷ್ಟೇ, ಪುಷ್ಯ ಮಳೆ ಹೊಯ್ಯುತ್ತಿರುವಾಗ ಕಿಸೆಯಿಂದ ತೆಗೆದು ಫೋಟೋ ಹೊಡೆದು ಮತ್ತೆ ಕಿಸೆಗೆ ಹಾಕುವ ಹಾಗಿರಬೇಕು. ಬ್ಯಾಟರಿ, ಕಾರ್ಡ್ ಎಲ್ಲ ಸೇರಿ 253 ಗ್ರಾಂ. ಝೂಮ್ ಮಾಡಿದರೂ ಲೆನ್ಸ್ ಹೊರಗೆ ಚಾಚುವುದಿಲ್ಲ, ಎಲ್ಲ ಒಳಗೇ. ಕೆಸರಾದರೆ ಮನೆಗೆ ಬಂದು ನಲ್ಲಿ ಕೆಳಗೆ ಹಿಡಿದು ತೊಳೆಯುತ್ತೇನೆ. ಛತ್ರಿ ಒಂದು ಕೈಯಲ್ಲಿ, ಕ್ಯಾಮೆರಾ ಇನ್ನೊಂದು ಕೈಯಲ್ಲಿ, ಅದೂ ಆಗುತ್ತದೆ.

ನಾನು ಇದನ್ನು ಇಷ್ಟು ಹೊಗಳಲು ಕಾರಣ ಮಾತ್ರ ಬೇರೆ, ಇದರ ಮೈಕ್ರೋಸ್ಕೋಪ್ ಮೋಡ್. ಲೆನ್ಸಿನಿಂದ 1 ಸೆಂಟಿಮೀಟರ್ ದೂರದಲ್ಲಿ ಇರುವುದನ್ನೂ ಫೋಕಸ್ ಮಾಡುತ್ತದೆ, ಪೂರ್ತಿ ಝೂಮ್ ಮಾಡಿದಾಗಲೂ. ಹೋದ ವರ್ಷ ಬಿದ್ದ ಮತ್ತಿ ಮರದ ಮೇಲೆ ಬಿಳಿ ಅಣಬೆ ಸಾಲಾಗಿ ಎದ್ದಿದ್ದವು, ಒಂದೊಂದೂ ಅಕ್ಕಿ ಕಾಳಿಗಿಂತ ಸ್ವಲ್ಪ ಎತ್ತರ ಇರಬಹುದು. ಕ್ಯಾಮೆರಾವನ್ನು ದಿಮ್ಮಿಯ ಮೇಲೇ ಊರಿ, ಉಸಿರು ಹಿಡಿದು ಒಂದು ತೆಗೆದೆ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಕೊಡೆಯ ಕೆಳಗೆ ಗೆರೆಗೆರೆಯಾಗಿ ಇರುತ್ತದಲ್ಲ, ಆ ಗೆರೆಗಳ ಮಧ್ಯೆ ಒಂದು ನೀರಿನ ಹನಿ, ಹನಿ ಪಕ್ಕ ಸಾಸಿವೆಗಿಂತ ಸಣ್ಣ ಹುಳ. ಅಲ್ಲಿ ಕೂತಿದ್ದಾಗ ಹುಳ ನನ್ನ ಕಣ್ಣಿಗೆ ಕಂಡೇ ಇರಲಿಲ್ಲ. ದಿನಾ ಓಡಾಡುವ ದಾರಿ ಅದು.

ಅಷ್ಟು ಹತ್ತಿರ ಹೋದಾಗ ಕ್ಯಾಮೆರಾದ ನೆರಳೇ ಬೀಳುತ್ತದೆ. ಅದಕ್ಕೆ ಎಲ್‌ಜಿ-1 ಅಂತ ಒಂದು ಸಣ್ಣ ಬಳೆ ಸಿಗುತ್ತದೆ. ಕ್ಯಾಮೆರಾದ ಎಲ್‌ಇಡಿ ಬೆಳಕನ್ನೇ ಲೆನ್ಸ್ ಸುತ್ತ ಹರಡುತ್ತದೆ. ಬೇರೆಯಾಗಿ ದುಡ್ಡು ಕೊಡಬೇಕು, ಆದರೆ ಅದಿಲ್ಲದೆ ಈ ಕ್ಯಾಮೆರಾ ಅರ್ಧವೇ. ಇನ್ನೊಂದು ಫೋಕಸ್ ಸ್ಟ್ಯಾಕಿಂಗ್, ಹಲವು ಫೋಟೋ ತೆಗೆದು ತಾನೇ ಸೇರಿಸಿ ಹಿಂದುಮುಂದು ಎಲ್ಲ ಸ್ಪಷ್ಟವಾಗಿರುವ ಒಂದು ಚಿತ್ರ ಕೊಡುತ್ತದೆ. ಗಾಳಿ ಬೀಸಿದರೆ ಕೆಡುತ್ತದೆ. ಮರದಿಂದ ಒಂದು ಹನಿ ತೊಟ್ಟಿಕ್ಕಿದರೂ ಅಣಬೆ ಅಲ್ಲಾಡಿ ಮತ್ತೆ ಮೊದಲಿಂದ ಶುರು. ಅಷ್ಟರಲ್ಲಿ ಉಂಬಳ (ಜಿಗಣೆ) ಕಾಲು ಹತ್ತಿರುತ್ತದೆ, ಸುಣ್ಣ ತಂಬಾಕು ಇಲ್ಲದೆ ಹೋಗಬೇಡಿ.

ಆಗದ ಕೆಲಸವನ್ನೂ ಹೇಳಬೇಕು. ಹಕ್ಕಿಗೆ ಇದು ಅಲ್ಲವೇ ಅಲ್ಲ. 4 ಪಟ್ಟು ಝೂಮ್ ಅಷ್ಟೇ, ಮರದ ತುದಿಯ ಮಂಗಟ್ಟೆ ಒಂದು ಚುಕ್ಕಿ ಆಗುತ್ತದೆ. ಬೆಳಕು ಹಿಡಿಯುವ ಸೆನ್ಸರ್ ತುಂಬಾ ಚಿಕ್ಕದು, 12 ಮೆಗಾಪಿಕ್ಸೆಲ್. ಮೋಡ ಮುಚ್ಚಿದ ದಿನ ದಟ್ಟ ಮರದ ಕೆಳಗೆ ಐಎಸ್ಒ, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, 800 ದಾಟಿತು ಅಂದರೆ ಚಿತ್ರ ಒರಟಾಗುತ್ತದೆ. ಹಾಗಾಗಿ ಇಡೀ ಕಾಡಿನ ನೋಟಕ್ಕೆ ನಾನು ಇದನ್ನು ಬಳಸುವುದಿಲ್ಲ, ಅದಕ್ಕೆ ಫೋನೇ ಸಾಕು. ಚಾರ್ಜ್ ಮಾಡಲು ಹಳೇ ಮೈಕ್ರೋ ಯುಎಸ್‌ಬಿ ವೈರ್ ಬೇಕು. ಬ್ಯಾಟರಿ ಬಾಗಿಲು ಮುಚ್ಚುವಾಗ ರಬ್ಬರ್ ಅಂಚಿನಲ್ಲಿ ಒಂದು ಕೂದಲೂ ಇಲ್ಲದ ಹಾಗೆ ಒರೆಸಿ ಮುಚ್ಚಿ, ಆಮೇಲೆ ಲಾಕ್ ಹಾಕಿ. ಕಾಡಲ್ಲಿ ಮಳೆಯ ನಡುವೆ ಆ ಬಾಗಿಲು ತೆಗೆಯಲೇಬೇಡಿ.

ಕಪ್ಪೆಗೂ ಇದು ಒಳ್ಳೆಯದು, ಆದರೆ 1 ಸೆಂಟಿಮೀಟರ್ ಆಗುತ್ತದೆ ಅಂತ ಅದರ ಮೂಗಿಗೇ ತಂದು ಹಿಡಿಯಬೇಡಿ, ಒಂದು ಗೇಣು ದೂರದಿಂದ ಝೂಮ್ ಮಾಡಿದರೆ ಸಾಕು. ನಮ್ಮ ತಾಲೂಕಿನ ಕತ್ತಲೆಕಾನು ಎಂಬ ಕಾಡಿನಿಂದಲೇ 2014ರಲ್ಲಿ ಕುಂಬಾರ ಕಪ್ಪೆ ಹೊಸ ಜಾತಿ ಅಂತ ಲೋಕಕ್ಕೆ ಗೊತ್ತಾದದ್ದು. ಗಂಡು ಕಪ್ಪೆ ಮೊಟ್ಟೆಗೆ ಮಣ್ಣು ಮೆತ್ತುತ್ತದೆ, ಕೈಯಿಂದಲೇ. ಅಂಥ ಕೆಲಸದ ನಡುವೆ ಮುಖಕ್ಕೆ ಎಲ್‌ಇಡಿ ಹಿಡಿಯುವುದು ಸರಿಯಲ್ಲ ಅಲ್ವಾ. ಫೋಟೋಗೋಸ್ಕರ ಅಣಬೆ ಕೀಳುವುದು, ದಿಮ್ಮಿ ಮಗುಚಿ ಹಾಗೇ ಬಿಟ್ಟು ಬರುವುದು ಕೂಡ ಬೇಡ.

ಈಗ ಹೊಸತು ಕೊಳ್ಳುವವರಿಗೆ 2023ರ ಟಿಜಿ-7 ಇದೆ. ಒಲಿಂಪಸ್ ಹೆಸರು ಹೋಗಿ ಓಎಂ ಸಿಸ್ಟಮ್ ಆಗಿದೆ, ಯುಎಸ್‌ಬಿ-ಸಿ ಬಂದಿದೆ, ಸೆನ್ಸರ್ ಮಾತ್ರ ಅದೇ 12 ಮೆಗಾಪಿಕ್ಸೆಲ್. ಒಳ್ಳೆ ಸ್ಥಿತಿಯ ಟಿಜಿ-6 ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ನಾನಾದರೆ ಅದನ್ನೇ ತೆಗೆದುಕೊಂಡು, ಉಳಿದ ದುಡ್ಡಿಗೆ ಆ ಬಳೆ, ಇನ್ನೊಂದು ಬ್ಯಾಟರಿ ಮತ್ತು ಒಂದು ಜೊತೆ ಒಳ್ಳೆ ಗಮ್ ಬೂಟ್ ತರುತ್ತೇನೆ.