ಗೀರುವುದೋ, ತಡೆ ತೆಗೆಯುವುದೋ: ಇಆರ್‌ಕೆ ಅಲೆಗಳನ್ನು ನೋಡಲು ಎರಡು ವಿಧಾನಗಳು

ಅಂಗಗಳ ಮೇಲ್ಮೈಯನ್ನು ಹೊದಿಸುವ ಎಪಿಥೀಲಿಯಲ್ ಜೀವಕೋಶಗಳು ಪರಸ್ಪರ ಅಂಟಿಕೊಂಡೇ ಗುಂಪಾಗಿ ಚಲಿಸುವಾಗ ಇಆರ್‌ಕೆ ಎಂಬ ಕೈನೇಸ್ (ಕೋಶದೊಳಗೆ ಸಂಕೇತ ಸಾಗಿಸುವ ಕಿಣ್ವ) ವಹಿಸುವ ಪಾತ್ರವನ್ನು ಅಳೆಯಬಯಸುವ ಸಂಶೋಧನಾ ವಿದ್ಯಾರ್ಥಿಯು ಮೊದಲು ನಿರ್ಧರಿಸಬೇಕಾದದ್ದು, ಕೋಶಗಳ ಹಾಳೆಯ ಮುಂದೆ ಖಾಲಿ ಜಾಗವನ್ನು ಹೇಗೆ ಸೃಷ್ಟಿಸುವುದು ಎಂಬುದನ್ನು.

ಪೈಪೆಟ್ ತುದಿಯಿಂದ ಹಾಳೆಯನ್ನು ಗೀರುವುದು ಅಗ್ಗ, ಸುಲಭ. ಔಷಧಗಳ ಪರಿಣಾಮವನ್ನು ಒರಟಾಗಿ ಹೋಲಿಸಲು ಅಷ್ಟು ಸಾಕು. ಸಿಲಿಕೋನ್ ತಡೆಯ ಪಕ್ಕದಲ್ಲಿ ಕೋಶಗಳನ್ನು ಬೆಳೆಸಿ, ಅನಂತರ ಆ ತಡೆಯನ್ನು ಎತ್ತುವುದಕ್ಕೆ ಹೆಚ್ಚಿನ ತಾಳ್ಮೆ ಬೇಕು.

ಆದರೂ ಇಆರ್‌ಕೆ ಸಂಕೇತವೇ ನಿಮ್ಮ ಪ್ರಶ್ನೆಯಾಗಿದ್ದರೆ ನಾನು ಎರಡನೆಯದನ್ನೇ ಒತ್ತಿ ಹೇಳುತ್ತೇನೆ. ಗೀರಿದಾಗ ಹರಿದ ಕೋಶಗಳಿಂದ ಎಟಿಪಿಯಂತಹ (ಕೋಶದ ಶಕ್ತಿವಾಹಕ) ಅಣುಗಳು ಸೋರಿ, ಅಂಚಿನ ಕೋಶಗಳಲ್ಲಿ ಇಆರ್‌ಕೆಯನ್ನು ತಾವೇ ಪ್ರಚೋದಿಸುತ್ತವೆ. ಆಗ ಗಾಯದ ಪ್ರತಿಕ್ರಿಯೆಯನ್ನೂ ಚಲನೆಯ ಸಂಕೇತವನ್ನೂ ಬೇರ್ಪಡಿಸುವುದು ಬಹಳ ಕಷ್ಟ. ನಾಯಿಯ ಮೂತ್ರಪಿಂಡದಿಂದ ಬಂದ ಎಂಡಿಸಿಕೆ ಕೋಶಗಳು ಗಾಯವಿಲ್ಲದೆ, ಜಾಗ ತೆರೆದುಕೊಂಡ ಮಾತ್ರಕ್ಕೆ ಹೊರಡುತ್ತವೆ ಎಂಬುದು 2007ರಲ್ಲೇ ಸ್ಪಷ್ಟವಾಗಿತ್ತು. ತಡೆ ತೆಗೆದ ಇಂತಹ ಹಾಳೆಯಲ್ಲಿ ಇಆರ್‌ಕೆ ಚಟುವಟಿಕೆಯ ಅಲೆಗಳು ಅಂಚಿನಿಂದ ಒಳಕ್ಕೆ, ಅಂದರೆ ಕೋಶಗಳ ಚಲನೆಗೆ ವಿರುದ್ಧ ದಿಕ್ಕಿನಲ್ಲಿ ಸಾಗುತ್ತವೆ. ಮುಂದಿನ ಕೋಶದ ಸೆಳೆತಕ್ಕೆ ಹಿಂದಿನದು ಹಿಗ್ಗುತ್ತದೆ, ಇಜಿಎಫ್ ಎಂಬ ಬೆಳವಣಿಗೆ ಅಂಶವನ್ನು ಗ್ರಹಿಸುವ ಕೋಶಪೊರೆಯ ಗ್ರಾಹಕದ ಮೂಲಕ ಅದರ ಇಆರ್‌ಕೆ ಎಚ್ಚರಗೊಳ್ಳುತ್ತದೆ, ಬಳಿಕ ಆ ಕೋಶ ಸಂಕುಚಿಸಿ ತನ್ನ ಹಿಂದಿನದನ್ನು ಎಳೆಯುತ್ತದೆ. ಎಷ್ಟು ಸೊಗಸಾದ ಸರಪಳಿ!

ಟ್ರಾಮೆಟಿನಿಬ್‌ನಂತಹ ಮೆಕ್ (ಇಆರ್‌ಕೆಯನ್ನು ಎಚ್ಚರಿಸುವ ಕಿಣ್ವ) ಪ್ರತಿಬಂಧಕದಿಂದ ಈ ಸರಪಳಿಯನ್ನು ತುಂಡರಿಸಿ ನೋಡುವ ಪ್ರಯೋಗವನ್ನು ಯಾವ ವಿಧಾನದಲ್ಲೂ ಬಿಡಬಾರದು. ಗಾಯ ಮಾಯುವಿಕೆಯೇ ನಿಮ್ಮ ವಿಷಯವಾದರೆ ಮಾತ್ರ ಗೀರುವುದೇ ಸರಿ, ಏಕೆಂದರೆ ಅಲ್ಲಿ ಹರಿದ ಕೋಶಗಳೂ ಪ್ರಶ್ನೆಯ ಭಾಗ.