ಕ್ಯುಪರ್ಟಿನೋ, ಫ್ರೀಮಾಂಟ್: ಮನೆ ಎಲ್ಲಿ ಮಾಡುವುದು?

ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾಕ್ಕೆ ಬರುವ ಅನೇಕ ಕನ್ನಡ ಕುಟುಂಬಗಳು ಈ ಎರಡು ಊರುಗಳ ನಡುವೆ ತೂಗಾಡುತ್ತವೆ. 1970ರಲ್ಲಿ ಎರಡೂ ಕಡೆ ಬಿಳಿಯರೇ ಬಹುಸಂಖ್ಯಾತರು. 2020ರ ಜನಗಣತಿಯ ಹೊತ್ತಿಗೆ ಕ್ಯುಪರ್ಟಿನೋದಲ್ಲಿ ಏಷ್ಯಾ ಮೂಲದವರು ಸುಮಾರು ಮೂರನೇ ಎರಡು ಭಾಗ, ಫ್ರೀಮಾಂಟ್‌ನಲ್ಲೂ ಶೇ. 60ಕ್ಕಿಂತ ಹೆಚ್ಚು.

ಅಂಕಿಗಳು ಹತ್ತಿರ, ಬದುಕು ದೂರ. ಹಣ್ಣಿನ ತೋಟಗಳಿದ್ದ ಕ್ಯುಪರ್ಟಿನೋ ಈಗ ಆಪಲ್ ಕಂಪನಿಯ ಊರು. ಅಲ್ಲಿ ನಡುಮಟ್ಟದ ಕುಟುಂಬದ ವಾರ್ಷಿಕ ಆದಾಯವೇ 2 ಲಕ್ಷ ಡಾಲರ್ ದಾಟಿದೆ. ಶಾಲೆಗಳ ಹೆಸರು ದೊಡ್ಡದು. ಆ ಹೆಸರೇ ಮನೆಗಳ ಬೆಲೆಯನ್ನೂ ಏರಿಸಿತು. ಚಿಕ್ಕ ಮಕ್ಕಳಿರುವವರಿಗೆ ಮನೆ ಕೈಗೆಟುಕದಾಯಿತು. ವಿದ್ಯಾರ್ಥಿಗಳು ಕಡಿಮೆಯಾಗಿ 2022ರಲ್ಲಿ ಕೆಲವು ಪ್ರಾಥಮಿಕ ಶಾಲೆಗಳನ್ನೇ ಮುಚ್ಚಬೇಕಾಯಿತು. ನನ್ನನ್ನು ಕಾಡುವುದು ಇದೇ: ಊರಿನ ಮೈಬಣ್ಣ ಬದಲಾಯಿತು, ಆದರೆ ಬಾಗಿಲು ತೆರೆದದ್ದು ಉಳ್ಳವರಿಗೆ ಮಾತ್ರ.

ಫ್ರೀಮಾಂಟ್ 1956ರಲ್ಲಿ ಐದು ಪುಟ್ಟ ಊರುಗಳು ಕೂಡಿ ಆದದ್ದು. ಜನರಲ್ ಮೋಟಾರ್ಸ್ ಕಾರ್ಖಾನೆಯಿದ್ದ ಜಾಗದಲ್ಲಿ ಈಗ ಟೆಸ್ಲಾ ಕಾರುಗಳು ತಯಾರಾಗುತ್ತವೆ. ಆದಾಯ ಇಲ್ಲೂ ಹೆಚ್ಚೇ, ಒಂದೂವರೆ ಲಕ್ಷ ಡಾಲರ್‌ಗೂ ಮೇಲೆ. ಆದರೂ ಪಾಳಿ ಮುಗಿಸಿ ಬರುವ ಕಾರ್ಮಿಕನೂ ಎಂಜಿನಿಯರನೂ ಒಂದೇ ಅಂಗಡಿಯಲ್ಲಿ ಸಾಲು ನಿಲ್ಲುತ್ತಾರೆ. 'ಪುಟ್ಟ ಕಾಬೂಲ್' ಎನಿಸಿಕೊಂಡ ಇಲ್ಲಿನ ಬಡಾವಣೆ ಸೆಂಟರ್‌ವಿಲ್‌ನಲ್ಲಿ ತೋಳುದ್ದದ ಅಫ್ಘನ್ ನಾನ್ ಬಿಸಿಬಿಸಿಯಾಗಿ ಸಿಗುತ್ತದೆ. ಬೇ ಏರಿಯಾದ ಊರುಗಳನ್ನು ಜೋಡಿಸುವ ಬಾರ್ಟ್ ರೈಲೂ ಉಂಟು, ಕ್ಯುಪರ್ಟಿನೋಗೆ ಅದಿಲ್ಲ.

ಆಪಲ್‌ನಲ್ಲೇ ಕೆಲಸವಿದ್ದು, ನಡೆದೇ ಹೋಗುವ ಆಸೆಯಿದ್ದರೆ ಕ್ಯುಪರ್ಟಿನೋ ಸರಿ. ಮಕ್ಕಳು ನಾನಾ ಬಗೆಯ ಜನರ ನಡುವೆ ಬೆಳೆಯಲಿ ಎನ್ನುವವರಿಗೆ ನಾನು ಫ್ರೀಮಾಂಟ್ ಎಂದೇ ಹೇಳುತ್ತೇನೆ.